ಸೆಂಚಾದ ಹದ: ಒಗರು, ಕಹಿ ಮತ್ತು ಉಮಾಮಿಯನ್ನು ಬಿಡಿಸಿ ಸವಿಯುವ ಅಭ್ಯಾಸ

ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒರಟಾಗಿ ಬಾಯಿಯ ಒಳಪದರವೆಲ್ಲ ಬಿಗಿದಂತಾಗುವ ಅನುಭವಕ್ಕೆ ಕನ್ನಡದಲ್ಲಿ ಒಗರು ಎಂಬ ಖಚಿತವಾದ ಹೆಸರಿದೆ. ಜಪಾನೀಯರು ಅದನ್ನೇ ಶಿಬುಮಿ ಎನ್ನುತ್ತಾರೆ. ಕಹಿಯನ್ನು ನಿಗಾಮಿ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಹಸಿರು ಚಹಾದ ರುಚಿಯನ್ನು ಹೇಳುವಾಗ ನಾವು ಅನೇಕರು ಇವೆರಡನ್ನೂ ಕಹಿ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಹಾಗೆ ಸೇರಿಸಿದರೆ, ಮಾಡಿದ ಚಹಾ ಏಕೆ ಕೆಟ್ಟಿತು ಎಂದು ತಿಳಿಯುವುದು ಕಷ್ಟವಾಗುತ್ತದೆ. ಹಾಗಲಕಾಯಿ, ಮೆಂತ್ಯಗಳದ್ದು ಕಹಿ. ನೇರಳೆ, ಎಳೆಯ ಬಾಳೆಕಾಯಿ, ಅಡಿಕೆಯ ಚೊಗರು ಇವುಗಳದ್ದು ಒಗರು. ಜಪಾನಿನ ಹಸಿರು ಚಹಾವಾದ ಸೆಂಚಾ ಮಾಡಲು ಕಲಿಯ ಹೊರಟವರು ಮೊದಲು ಈ ವ್ಯತ್ಯಾಸವನ್ನು ನಾಲಿಗೆಯಲ್ಲಿ ಗಟ್ಟಿಮಾಡಿಕೊಳ್ಳಬೇಕೆಂದು ನನ್ನ ಸಲಹೆ, ಏಕೆಂದರೆ ನೀರಿನ ಬಿಸಿಯನ್ನೂ ನೆನೆಸುವ ಹೊತ್ತನ್ನೂ ತಿದ್ದಿಕೊಳ್ಳಲು ನಮಗಿರುವ ಅಳತೆಗೋಲು ಅದೇ.

ಒಗರಿಗೆ ಮುಖ್ಯ ಕಾರಣ ಎಲೆಯಲ್ಲಿರುವ ಕ್ಯಾಟೆಚಿನ್‌ಗಳು. ಅವು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಳೆಯುತ್ತವೆ; ಆದ್ದರಿಂದ ಒಗರು ನಾಲಿಗೆಗೆ ರುಚಿಗಿಂತ ಹೆಚ್ಚಾಗಿ ಸ್ಪರ್ಶದಂತೆ ತಿಳಿಯುತ್ತದೆ. ಹಸಿರು ಚಹಾದಿಂದ ಕ್ಯಾಟೆಚಿನ್ ಅನ್ನು 1929ರಲ್ಲಿ ಬೇರ್ಪಡಿಸಿದವರು ತ್ಸುಜಿಮುರಾ ಮಿಚಿಯೊ. 1932ರಲ್ಲಿ ಅವರು ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆಯಾದರು. ಕಹಿಯಲ್ಲಿ ಕೆಫೀನಿನ ಪಾಲೂ ಇದೆ. ಇವೆರಡಕ್ಕೆ ಎದುರಾಗಿ ನಿಲ್ಲುವುದು ಥಿಯನೀನ್ ಎಂಬ ಅಮೈನೋ ಆಮ್ಲ. ಸಿಹಿಯನ್ನೂ ಉಮಾಮಿಯನ್ನೂ ಚಹಾಕ್ಕೆ ತರುವುದರಲ್ಲಿ ಅದಕ್ಕೂ ಅದರ ಜೊತೆಗಿರುವ ಗ್ಲುಟಾಮಿಕ್ ಆಮ್ಲಕ್ಕೂ ಪಾಲಿದೆ. ಉಮಾಮಿಗೆ ಕನ್ನಡದಲ್ಲಿ ಒಂಟಿ ಪದವಿಲ್ಲ. ಇಕೆದಾ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞರು 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಾಮೇಟನ್ನು ಗುರುತಿಸಿ ಆ ಹೆಸರಿಟ್ಟರು. ಚೆನ್ನಾಗಿ ಹಣ್ಣಾದ ಟೊಮೆಟೊ ಹಾಕಿ ಕುದಿಸಿದ ಸಾರಿನ ತಿಳಿಯಲ್ಲಿ ಹುಳಿ, ಉಪ್ಪು, ಖಾರಗಳನ್ನು ಬಿಟ್ಟು ನಾಲಿಗೆಯ ನಡುವೆ ತುಂಬಿಕೊಂಡು ನಿಲ್ಲುವ ರುಚಿಯೊಂದಿದೆಯಲ್ಲ, ಅದನ್ನು ನೆನೆದುಕೊಂಡರೆ ಉಮಾಮಿಯ ಗುರುತು ಸಿಗುತ್ತದೆ.

ಈ ಎರಡು ಬಣಗಳ ಪ್ರಮಾಣ ತೋಟದಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಥಿಯನೀನ್ ಹುಟ್ಟುವುದು ಗಿಡದ ಬೇರಿನಲ್ಲಿ. ಅಲ್ಲಿಂದ ಚಿಗುರಿಗೆ ಏರಿ, ಬಿಸಿಲು ಬಿದ್ದಂತೆ ಒಡೆದು, ಕ್ಯಾಟೆಚಿನ್ ಕಟ್ಟುವುದಕ್ಕೆ ಬಳಕೆಯಾಗುತ್ತದೆ. ಹಾಗಾಗಿ ಚಳಿಗಾಲವಿಡೀ ವಿಶ್ರಮಿಸಿದ ಗಿಡ ವಸಂತದಲ್ಲಿ ಬಿಡುವ ಮೊದಲ ಚಿಗುರಿಗೆ ಸಿಹಿ ಹೆಚ್ಚು, ಬೇಸಿಗೆಯ ಎರಡನೆಯ, ಮೂರನೆಯ ಕೊಯ್ಲಿಗೆ ಒಗರು ಹೆಚ್ಚು. ಜಪಾನಿನ ಹಳೆಯ ಪಂಚಾಂಗದಂತೆ ಫೆಬ್ರವರಿಯ ಮೊದಲ ವಾರದಲ್ಲಿ ಬರುವ ವಸಂತಾರಂಭದಿಂದ ಎಣಿಸಿ ಎಂಬತ್ತೆಂಟನೆಯ ದಿನ, ಅಂದರೆ ಮೇ 2ರ ಆಸುಪಾಸು, ಚಿಗುರು ಕೊಯ್ಯಲು ಶ್ರೇಷ್ಠವೆಂಬ ನಂಬಿಕೆ ಅಲ್ಲಿ ಹಳೆಯದು. ಗ್ಯೊಕುರೊ ಎಂಬ ಮೇಲ್ದರ್ಜೆಯ ಹಸಿರು ಚಹಾ ಮಾಡುವವರು ಕೊಯ್ಲಿಗೆ ಮುಂಚೆ ಸುಮಾರು ಇಪ್ಪತ್ತು ದಿನ ತೋಟಕ್ಕೆ ಚಪ್ಪರ ಹಾಕಿ ಬಿಸಿಲನ್ನೇ ತಡೆಯುತ್ತಾರೆ. ಥಿಯನೀನ್ ಒಡೆಯದೆ ಎಲೆಯಲ್ಲಿ ಉಳಿಯುತ್ತದೆ, ಬಣ್ಣ ಕಡುಹಸಿರಾಗುತ್ತದೆ, ಒಣಗಿದ ಕಡಲಪಾಚಿಯನ್ನು ಹೋಲುವ ಪರಿಮಳವೊಂದು ಸೇರುತ್ತದೆ. ಕೀಳು ದರ್ಜೆಯ ಎಲೆಯನ್ನು ಗ್ಯೊಕುರೊವನ್ನಾಗಿಸುವ ಉಪಾಯ ಅಡುಗೆಮನೆಯಲ್ಲಿಲ್ಲ ಎಂಬುದನ್ನು ಇದರಿಂದಲೇ ತಿಳಿಯಬಹುದು.

ಕೊಯ್ದ ಎಲೆಯನ್ನು ಒಡನೆಯೇ ಹಬೆಯಲ್ಲಿ ಬೇಯಿಸುವುದು ಜಪಾನಿನ ವಿಶೇಷ. ಚೀನಾದ ಹೆಚ್ಚಿನ ಹಸಿರು ಚಹಾಗಳಂತೆ ಬಾಣಲೆಯಲ್ಲಿ ಹುರಿಯದೆ ಹಬೆಗೆ ಒಡ್ಡುವುದರಿಂದ ಎಲೆಯ ಕಿಣ್ವಗಳು ಸತ್ತು, ಹಸಿರು ಬಣ್ಣವೂ ಹಸಿ ಸೊಪ್ಪಿನ ಕಂಪೂ ಉಳಿಯುತ್ತವೆ. ಉಜಿ ಸೀಮೆಯ ನಗಾತಾನಿ ಸೋಯೆನ್ ಎಂಬ ರೈತ ಅನೇಕ ವರ್ಷ ಪ್ರಯೋಗ ಮಾಡಿ, ಎಲೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯ ಮೇಲೆ ಕೈಯಿಂದ ಹೊಸೆಯುತ್ತ ಒಣಗಿಸುವ ಕ್ರಮವನ್ನು 1738ರಲ್ಲಿ ರೂಪಿಸಿದರು. ಇಂದಿನ ಸೆಂಚಾ ಸೂಜಿಯ ಆಕಾರದಲ್ಲಿರುವುದು ಆ ಹೊಸೆಯುವಿಕೆಯಿಂದ. ಹಬೆಯ ಅವಧಿ ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು. ಅದನ್ನು ಒಂದು ನಿಮಿಷಕ್ಕೂ ಮೀರಿಸಿದರೆ ಫುಕಾಮುಷಿ ಎನಿಸುತ್ತದೆ. ಅದರ ಎಲೆ ಪುಡಿಪುಡಿಯಾಗಿರುತ್ತದೆ, ಚಹಾ ಕದಡಿದ ಹಸಿರಾಗಿ ಇಳಿಯುತ್ತದೆ. ಅದು ದೋಷವಲ್ಲ, ಬೇಗ ರಸ ಬಿಡುವ ಗುಣವಷ್ಟೆ.

ಈಗ ಮಾಡುವ ಬಗೆ. ಥಿಯನೀನ್ ಕಡಿಮೆ ಬಿಸಿಯಲ್ಲೂ ಸುಲಭವಾಗಿ ನೀರಿಗಿಳಿಯುತ್ತದೆ. ಕೆಫೀನ್ ಮತ್ತು ಹೆಚ್ಚು ಒಗರಾದ ಕ್ಯಾಟೆಚಿನ್‌ಗಳು ಬಿಸಿ ಏರಿದಂತೆ, ಅದರಲ್ಲೂ 80 ಡಿಗ್ರಿ ದಾಟಿದ ಮೇಲೆ, ಜೋರಾಗಿ ಇಳಿಯುತ್ತವೆ. ಮೊದಲ ಕೊಯ್ಲಿನ ಸೆಂಚಾ 4 ಗ್ರಾಂ, ನೀರು 120 ಮಿಲಿಲೀಟರ್, ಬಿಸಿ 70 ಡಿಗ್ರಿ, ಅವಧಿ ಒಂದು ನಿಮಿಷ: ಒಬ್ಬರಿಗೆ ಈ ಲೆಕ್ಕದಿಂದ ಆರಂಭಿಸಬಹುದು. ಉಷ್ಣಮಾಪಕ ಇಲ್ಲದಿದ್ದರೂ ಅಡ್ಡಿಯಿಲ್ಲ. ಕುದಿದ ನೀರನ್ನು ತಣ್ಣನೆಯ ಪಾತ್ರೆಯೊಂದಕ್ಕೆ ಸುರಿದಾಗಲೆಲ್ಲ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ. ಜಪಾನಿನಲ್ಲಿ ಇದಕ್ಕೆಂದೇ ಯುಜಾಮಷಿ ಎಂಬ ಪಾತ್ರೆಯಿದೆ, ನಮ್ಮಲ್ಲಿ ಎರಡು ಲೋಟಗಳಿದ್ದರೆ ಸಾಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ, ಮೂರು ಬಾರಿ ಪಾತ್ರೆ ಬದಲಿಸಿದರೆ ಬೇಕಾದ ಹದಕ್ಕೆ ಬರುತ್ತದೆ.

ನೀರು ಹಾಕಿದ ಮೇಲೆ ಪಾತ್ರೆಯನ್ನು ಕುಲುಕಬಾರದು, ಎಲೆಯನ್ನು ಚಮಚದಿಂದ ಕದಡಲೂಬಾರದು. ಮುಚ್ಚಳ ತೆರೆದು ನೋಡಿದರೆ ಸೂಜಿಗಳು ಒಂದೊಂದಾಗಿ ಸಡಿಲಗೊಂಡು, ಅಂಚು ಬಿಚ್ಚಿ, ಅರ್ಧದಷ್ಟು ಮಾತ್ರ ಎಲೆಯ ರೂಪಕ್ಕೆ ಮರಳಿರುತ್ತವೆ. ಬಸಿಯಲು ಸರಿಯಾದ ಗಳಿಗೆ ಅದು. ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದರೆ ಹೊತ್ತು ಮೀರಿರುತ್ತದೆ. ಕ್ಯೂಸು ಎಂಬ ಅಡ್ಡಹಿಡಿಕೆಯ ಮಣ್ಣಿನ ಪಾತ್ರೆಯಿಂದ ಸುರಿಯುವಾಗ ಧಾರೆ ತೆಳುವಾಗಿ, ಹನಿಯಾಗಿ, ನಿಂತಂತಾದ ಮೇಲೂ ಕೈಯನ್ನು ಬಾಗಿಸಿಯೇ ಹಿಡಿದು ಕೊನೆಯ ಹನಿಗಾಗಿ ಕಾಯಬೇಕು. ಆ ಹನಿಗಳಲ್ಲಿ ರುಚಿ ಗಟ್ಟಿಯಾಗಿರುತ್ತದೆ ಎಂಬುದು ಒಂದು ಕಾರಣವಾದರೆ, ತಳದಲ್ಲಿ ಉಳಿದ ನೀರು ಎಲೆಯನ್ನು ನೆನೆಸುತ್ತಲೇ ಇದ್ದು ಎರಡನೆಯ ಬಸಿಯನ್ನು ಒಗರಾಗಿಸುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ನಾನು ಕಲಿಯತೊಡಗಿದ ಮೊದಲ ತಿಂಗಳುಗಳಲ್ಲಿ ನನ್ನ ಎರಡನೆಯ ಲೋಟವೆಲ್ಲ ಒಗರಾಗುತ್ತಿತ್ತು. ತಪ್ಪು ಎಲೆಯದ್ದೆಂದುಕೊಂಡು ಬೇರೆ ಬೇರೆ ಎಲೆ ತರಿಸಿದ ಮೇಲೆ, ಪಾತ್ರೆಯಲ್ಲಿ ಉಳಿಯುತ್ತಿದ್ದ ಎರಡು ಚಮಚ ನೀರೇ ಕಾರಣವೆಂದು ತಿಳಿಯಿತು.

ಎರಡನೆಯ ಬಸಿಗೆ ಎಲೆ ಆಗಲೇ ತೆರೆದುಕೊಂಡಿರುವುದರಿಂದ 80 ಡಿಗ್ರಿಯ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಸಾಕು; ಮೂರನೆಯದಕ್ಕೆ ಇನ್ನೂ ಬಿಸಿ ನೀರು. ಫುಕಾಮುಷಿಗೆ ಮೊದಲ ಬಸಿಯಲ್ಲಿಯೇ ಅರ್ಧ ನಿಮಿಷ. ಗ್ಯೊಕುರೊ ಬೇಡುವ ತಾಳ್ಮೆ ಬೇರೆ: ಮೂವರಿಗೆ 10 ಗ್ರಾಂ ಎಲೆ, ಕೇವಲ 60 ಮಿಲಿಲೀಟರ್ ನೀರು, 50 ಡಿಗ್ರಿ, ಎರಡೂವರೆ ನಿಮಿಷ. ಒಬ್ಬೊಬ್ಬರಿಗೆ ಒಂದೊಂದು ಗುಟುಕಿನಷ್ಟೇ ಸಿಗುವ ಆ ಚಹಾವನ್ನು ನಾಲಿಗೆಯ ಮೇಲೆ ಹರಡಿ ನಿಲ್ಲಿಸಿಕೊಂಡು ಸವಿಯಬೇಕು. ಬಲಿತ ಎಲೆಯ ಬಂಚಾ ಮತ್ತು ಹುರಿದ ಎಲೆಯ ಹೋಜಿಚಾಗಳಿಗೆ ಮಾತ್ರ ಕುದಿಯುವ ನೀರೇ ಸರಿ, ಅರ್ಧ ನಿಮಿಷ ಸಾಕು.

ನೀರಿನ ಬಗ್ಗೆ ಒಂದು ಮಾತು. ಜಪಾನಿನ ನೀರು ಬಹುತೇಕ ಮೆದು. ಅಲ್ಲಿನ ಚಹಾ ಆ ನೀರಿಗೆ ಹೊಂದಿ ಬೆಳೆದದ್ದು. ಕ್ಯಾಲ್ಸಿಯಂ ಹೆಚ್ಚಿರುವ ಗಡಸಾದ ಬೋರ್‌ವೆಲ್ ನೀರಿನಲ್ಲಿ ಅದೇ ಎಲೆ ಸಪ್ಪೆಯಾಗುತ್ತದೆ, ಬಣ್ಣ ಮಂಕಾಗುತ್ತದೆ. ಮನೆಯ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತಿದ್ದರೆ ಸೆಂಚಾಕ್ಕೆ ಬೇರೆ ನೀರು ಹುಡುಕಿಕೊಳ್ಳುವುದೇ ಮೇಲು.

ನಾಲಿಗೆಯನ್ನು ಪಳಗಿಸಲು ಜೊತೆಗಾರರು ಈ ಪ್ರಯೋಗವನ್ನು ಒಮ್ಮೆಯಾದರೂ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದೇ ಎಲೆಯನ್ನು ಮೂರು ಲೋಟಗಳಿಗೆ ಸಮನಾಗಿ ತೂಗಿ ಹಾಕಿ, 50, 70 ಮತ್ತು 90 ಡಿಗ್ರಿಯ ನೀರನ್ನು ಸಮನಾಗಿ ಎರೆದು, ಒಂದೇ ಹೊತ್ತಿಗೆ ಸೋಸಿ, ಮೂರೂ ಉಗುರುಬೆಚ್ಚಗಾದ ಮೇಲೆ ರುಚಿ ನೋಡಬೇಕು, ಏಕೆಂದರೆ ಸುಡುವ ಚಹಾದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲನೆಯದು ಸಿಹಿಯಾಗಿ, ಸಾರಿನ ತಿಳಿಯಂತೆ ನಾಲಿಗೆಯ ನಡುವೆ ತುಂಬುತ್ತದೆ, ಪರಿಮಳ ಮಾತ್ರ ಕಡಿಮೆ. ಮೂರನೆಯದರ ಪರಿಮಳ ಮೂಗಿಗೆ ಏರುತ್ತದೆ, ನುಂಗಿದ ಮೇಲೆ ಕೆನ್ನೆಯ ಒಳಭಾಗ ಬಿಗಿಯುತ್ತದೆ. ನನಗೆ ನಡುವಿನದೇ ಇಷ್ಟ: ಸ್ವಲ್ಪ ಒಗರಿಲ್ಲದ ಸೆಂಚಾ ಬಾಯಿಯಲ್ಲಿ ನಿಲ್ಲುವುದಿಲ್ಲ. ಚಹಾ ಪರೀಕ್ಷಕರು ಬೇಕೆಂದೇ ಬಿಳಿಯ ಬಟ್ಟಲಿನಲ್ಲಿ ಕೆಲವೇ ಗ್ರಾಂ ಎಲೆಗೆ ಕುದಿಯುವ ನೀರನ್ನೇ ಎರೆದು ನೋಡುತ್ತಾರೆ; ಆ ಬಿಸಿಗೆ ಎಲೆಯ ಒಂದು ದೋಷವೂ ಅಡಗಿರಲಾರದು. ಹೊಸ ಎಲೆ ತಂದಾಗ ಒಂದು ಚಿಟಿಕೆಯನ್ನು ನಾವೂ ಹಾಗೆ ನೋಡುವುದು ಒಳ್ಳೆಯದು.

ತಯಾರಾದ ಎಲೆಯಲ್ಲಿ ತೇವಾಂಶ ಶೇಕಡ 5ಕ್ಕಿಂತ ಹೆಚ್ಚಿರುವುದಿಲ್ಲ, ಆದ್ದರಿಂದ ಅದು ಗಾಳಿಯ ತೇವವನ್ನೂ ವಾಸನೆಯನ್ನೂ ಬಲುಬೇಗ ಹೀರುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯನ್ನು ಇಂಗು, ಸಾಂಬಾರಪುಡಿಗಳಿಂದ ದೂರವಿಡಬೇಕು. ತೆರೆಯದ ಪೊಟ್ಟಣವನ್ನು ಫ್ರಿಜ್‌ನಲ್ಲಿಟ್ಟಿದ್ದರೆ, ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಕತ್ತರಿಸಬೇಕು, ಇಲ್ಲವಾದರೆ ತಣ್ಣನೆಯ ಎಲೆಯ ಮೇಲೆ ನೀರು ಕಟ್ಟುತ್ತದೆ. ತೆರೆದ ಪೊಟ್ಟಣವನ್ನು ತಿಂಗಳೊಳಗೆ ಮುಗಿಸುವುದು ಲೇಸು. ಮೂರು ಬಸಿ ಮುಗಿದ ಗ್ಯೊಕುರೊ ಎಲೆಯನ್ನು ಎಸೆಯಬೇಕಾಗಿಲ್ಲ. ಎಳೆಯ ಸೊಪ್ಪಿನಷ್ಟು ಮೃದುವಾಗಿರುವ ಅದಕ್ಕೆ ನಾಲ್ಕು ಹನಿ ಸೋಯಾ ಸಾಸ್ ಹಾಕಿ ಜಪಾನಿನಲ್ಲಿ ತಿನ್ನುತ್ತಾರೆ; ನೀರಿಗೆ ಇಳಿಯದೆ ಉಳಿದ ಒಗರು ಆ ಎಲೆಯನ್ನು ಅಗಿಯುವಾಗ ನಾಲಿಗೆಗೆ ಹಿತವಾಗಿಯೇ ಸಿಗುತ್ತದೆ.