ಫೀಸು ಇಳಿದದ್ದಕ್ಕೆ ಮಗ್ಗಲಿನವನು ಕಾರಣನಲ್ಲ

ಕಲಬುರಗಿಯ ನೆಹರೂ ಗಂಜಿನ ಅಡತ್ ಅಂಗಡಿಗಳ ಸುತ್ತಮುತ್ತ ತೆರಿಗೆ ಸಲಹೆಗಾರರೆಂದು ಬೋರ್ಡು ಹಾಕಿಕೊಂಡ ತರುಣರು ನನ್ನ ಬಳಿ ಬಂದಾಗಲೆಲ್ಲ ಒಂದೇ ದೂರು ಹೇಳುತ್ತಾರೆ: "ಸರ, ಮಗ್ಗಲಿನವ ಐನೂರಕ್ಕ ಜಿಎಸ್‌ಟಿ ರಿಟರ್ನ್ ಹಾಕಿಕೊಡ್ತಾನ್ರಿ, ನಾವು ಹ್ಯಾಂಗ ಬದುಕೋದು?" ಹೀಗೆಂದು ಹೋದವರೇ ಮರುವಾರ ನಾನೂರಕ್ಕೆ ಇಳಿದಿರುತ್ತಾರೆ. ಲೆಕ್ಕ ಬರೆಯುವವರಿಗೇ ಈ ಲೆಕ್ಕ ತಪ್ಪುವುದನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಮರುಕವೂ ಆಗುತ್ತದೆ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಹೊಸತರಲ್ಲಿ ಪೋರ್ಟಲ್ ಪದೇ ಪದೇ ಕೈಕೊಡುತ್ತಿತ್ತು, ಕೊನೆಯ ದಿನಾಂಕಗಳು ಮುಂದಕ್ಕೆ ಹೋಗುತ್ತಿದ್ದವು, ವಹಿವಾಟು, ತೆರಿಗೆಯ ಸಾರಾಂಶ ಸಲ್ಲಿಸಲು ತಾತ್ಕಾಲಿಕವೆಂದು ತಂದ 3ಬಿ ನಮೂನೆಯೇ ಕಾಯಂ ಆಗಿ ಉಳಿಯಿತು. ಆಗ ವ್ಯಾಪಾರಿಗಳು ಕೇಳಿದಷ್ಟು ಫೀಸು ಕೊಟ್ಟದ್ದು ಕಾನೂನು ಹೊಸದಾಗಿತ್ತು, ಬಲ್ಲವರು ವಿರಳವಾಗಿದ್ದರು, ದಂಡದ ಭಯವಿತ್ತು ಎಂಬ ಕಾರಣಕ್ಕೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ತರುಣರ ತಲೆಗೆ ಹೋಗುವುದಿಲ್ಲವಾದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ನಾವು ಕಲಿಯಲು ಪಟ್ಟ ಕಷ್ಟಕ್ಕೆ ಯಾವ ಗಿರಾಕಿಯೂ ಹಣ ಕೊಡುವುದಿಲ್ಲ, ಅದೇ ಕೆಲಸ ಬಲ್ಲವರು ಬೀದಿಗೆ ಎಷ್ಟು ಮಂದಿ ಇದ್ದಾರೆಂದು ನೋಡಿ ಕೊಡುತ್ತಾನೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಕಲಿತ ಬಿ.ಕಾಂ. ಪದವೀಧರರು ವರ್ಷ ವರ್ಷವೂ ಹೊರಬಂದರು. 2020ರಲ್ಲಿ ಖರೀದಿಯ ತೆರಿಗೆ ಜಮೆಯನ್ನು (ಖರೀದಿಯಲ್ಲಿ ಕಟ್ಟಿದ, ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತವನ್ನು) ತಾನಾಗಿ ತೋರಿಸುವ 2ಬಿ ಪಟ್ಟಿ ಬಂತು, ವಹಿವಾಟೇ ಇಲ್ಲದಾಗಿನ ಶೂನ್ಯ ರಿಟರ್ನನ್ನು ಎಸ್‌ಎಂಎಸ್ ಮೂಲಕವೇ ಸಲ್ಲಿಸಬಹುದಾಯಿತು. ಮಗ್ಗಲಿನವನು ಅಂಗಡಿ ಮುಚ್ಚಿಕೊಂಡು ಹೋದರೂ ಹಳೆಯ ದರ ಮರಳುವಂತಿಲ್ಲ. ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಮಾಡುತ್ತೇನೆನ್ನುವವರಿಗೂ ಇದೇ ಮಾತು; ಆ ತರಗತಿಯಲ್ಲಿ ಮಗ್ಗಲಿನವನೂ ಕುಳಿತಿರುತ್ತಾನೆ.

ಹಾಗಾದರೆ ಹಣ ಎಲ್ಲಿದೆ? ತೊಗರಿ ಬೇಳೆಯನ್ನೇ ನೋಡಿ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಬೇಳೆಗೆ ಶೇ. 5 ತೆರಿಗೆ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆಯಿಲ್ಲ. ದಾಲ್ ಮಿಲ್ಲಿನ ಮಾಲೀಕರೊಬ್ಬರು 30 ಕಿಲೋ ಚೀಲದ ಜೊತೆಗೆ ಒಂದು ಕಿಲೋ ಪ್ಯಾಕೆಟ್ಟನ್ನೂ ಹೊರತರಲು ಹೊರಟು, ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಹೊಸ ಸಾರ್ಟೆಕ್ಸ್ ಯಂತ್ರದ ಮೇಲೆ ಕಟ್ಟಿದ ತೆರಿಗೆಯೆಲ್ಲ ಜಮೆಯಾಗುವುದೆಂದು ನಂಬಿದ್ದರು. ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನ ಮೇಲಿನ ಜಮೆ ಸಾಮಾನ್ಯವಾಗಿ ಪೂರ್ತಿ ಸಿಗುತ್ತದೆ, ಮಾರಾಟಕ್ಕೆ ತೆರಿಗೆಯಿಲ್ಲದ್ದರಿಂದ 30 ಕಿಲೋ ಚೀಲದ್ದು ಸಿಗುವುದಿಲ್ಲ. ಎರಡಕ್ಕೂ ದುಡಿಯುವ ಯಂತ್ರದ ಜಮೆಯನ್ನು ಐದು ವರ್ಷಕ್ಕೆ ಹಂಚಿ, ತೆರಿಗೆಯಿಲ್ಲದ ವಹಿವಾಟಿನ ಪಾಲಿನಷ್ಟನ್ನು ಪ್ರತಿ ತಿಂಗಳು ಹಿಂದಿರುಗಿಸಬೇಕು. ಪ್ರತಿ ಮಿಲ್ಲಿನ ಸಂಗತಿಯೂ ಬೇರೆ, ಇದನ್ನೇ ಎಲ್ಲರೂ ಅನ್ವಯಿಸಿಕೊಳ್ಳಬಾರದು. ರಿಟರ್ನಿನ ಫೀಸಿನಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದ ಆ ಮಾಲೀಕರು ಈ ಸಲಹೆಯ ಫೀಸನ್ನು ಮರುಮಾತಾಡದೆ ಕೊಟ್ಟರು.

ಹಾಗೆಂದು ಐನೂರರ ಗಿರಾಕಿಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಇಂಥ ಪ್ರಶ್ನೆಗಳು ಹುಟ್ಟುವುದು ಅವರ ಅಂಗಡಿಗಳಲ್ಲಿಯೇ. ಆದರೆ ವಾಟ್ಸಾಪಿನಲ್ಲಿ ಬಿಲ್ಲು ತರಿಸಿಕೊಂಡು ಕುಳಿತರೆ ಅವು ನಮ್ಮ ಕಿವಿಗೆ ಬೀಳುವುದಿಲ್ಲ. ತಿಂಗಳಿಗೊಮ್ಮೆ ಮಿಲ್ಲಿಗೆ ಹೋಗಿ, ಯಾವ ಚೀಲ ಹೊರಗೆ ಹೋಗುತ್ತಿದೆ, ಯಾವ ಯಂತ್ರ ಒಳಗೆ ಬಂದಿದೆ ಎಂದು ನೋಡಬೇಕು. ತಿಂಗಳ 3ಬಿ ಗಡುವು ಮುಗಿದ ಮರುದಿನ, 21ನೇ ತಾರೀಖಿಗೆ ಹೋಗುವುದು ಅನುಕೂಲ; ಅಂದು ನಮಗೂ ಮಿಲ್ಲಿನವರಿಗೂ ಪುರುಸೊತ್ತಿರುತ್ತದೆ.