ಗುರುವಾರ ಅಂಟಿಸಿದ ಡ್ಯೂಟಿ ಚಾರ್ಟ್

ಕೊಪ್ಪಳ, ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ಹದಿನೆಂಟು ವರ್ಷ ಎಚ್‌ಆರ್ ಕೆಲಸ ಮಾಡಿದೆ. ಈಗ ಶಿಫ್ಟ್ ಇನ್‌ಚಾರ್ಜ್‌ಗಳಿಗೆ ತರಬೇತಿ ಕೊಡುತ್ತೇನೆ. ಕೆಲಸ ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಕಾರಣ ಕೇಳುವುದು ಆಗ ನನ್ನ ಪಾಲಿನ ಕೆಲಸ. ಫಾರಂನಲ್ಲಿ ಎಲ್ಲರೂ 'ಸ್ವಂತ ಕಾರಣ' ಎಂದೇ ಬರೆಯುತ್ತಿದ್ದರು. ಚಹಾ ಮುಗಿಯುವ ಹೊತ್ತಿಗೆ ನಿಜ ಹೊರಗೆ ಬೀಳುತ್ತಿತ್ತು. ಸಂಬಳದ ಮಾತು ಬರುತ್ತಿತ್ತು. ಅದಕ್ಕಿಂತ ಜಾಸ್ತಿ ಬರುತ್ತಿದ್ದದ್ದು ಸೂಪರ್‌ವೈಸರ್ ಮಾತು.

ಒಬ್ಬ ಕ್ರೇನ್ ಆಪರೇಟರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಮ್ಮ ಸಾಹೇಬ್ರು ದೇವರಂಥಾ ಮನಷ್ಯಾರ್ರಿ. ಹೆರಿಗಿ ಟೈಮಿನ್ಯಾಗ ಕೈಯಾಗಿಂದ ರೊಕ್ಕ ಕೊಟ್ಟಾರ. ಆದ್ರ ನಾಳಿ ಯಾವ ಶಿಫ್ಟ್ ಅನ್ನೋದನ್ನ ಇವತ್ತು ರಾತ್ರಿ ಫೋನ್ ಮಾಡಿ ಹೇಳ್ತಾರ. ಕೂಸಿಗೆ ಸೂಜಿ ಮಾಡ್ಸಾಕ ಯಾವತ್ತು ಹೋಗ್ಲಿ ನಾ?"

ಅದೇ ಪ್ಲಾಂಟಿನಲ್ಲಿ ಇನ್ನೊಬ್ಬ ಸೂಪರ್‌ವೈಸರ್ ಇದ್ದರು. ಮಾತು ಒರಟು, ನಗು ಅಪರೂಪ. ಆದರೆ ಗುರುವಾರ ಸಂಜೆಯಾದರೆ ಸಾಕು, ಮುಂದಿನ ವಾರದ ಡ್ಯೂಟಿ ಚಾರ್ಟ್ ಪಂಚಿಂಗ್ ಮಷೀನ್ ಪಕ್ಕ ಅಂಟಿಸಿರುತ್ತಿದ್ದರು. ಆರರಿಂದ ಎರಡು, ಎರಡರಿಂದ ಹತ್ತು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು. ಕೊನೆಗೆ ಅವರೇ ಸ್ಕೇಲಿಟ್ಟು ಎಳೆದ ಇನ್ನೊಂದು ಕಾಲಂ. ಮೇಲೆ 'ಮನಿ ಕೆಲಸ' ಎಂದು ಬರೆದಿದ್ದರು. ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಪೆನ್ಸಿಲ್. ನಾನು ನೋಡಿದ ವಾರ ಆ ಕಾಲಂನಲ್ಲಿ ಹೀಗಿತ್ತು: 'ಮಂಗಳವಾರ ಅವ್ವನ ಡಯಾಲಿಸಿಸ್', 'ಬುಧವಾರ ಸಾಲಿ ಮೀಟಿಂಗ್', 'ಶುಕ್ರವಾರ ಹೊಲಕ್ಕ ನೀರಿನ ಪಾಳಿ'. ಶನಿವಾರ ಮಧ್ಯಾಹ್ನದೊಳಗೆ ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಂಡು ಸಹಿ ಹಾಕಿಸಿಕೊಂಡರೆ ಮುಗಿಯಿತು. ಆ ಸೂಪರ್‌ವೈಸರ್ ಕೈಕೆಳಗಿನಿಂದ ಬಿಟ್ಟು ಹೋಗುವವರು ಬಹಳ ಕಡಿಮೆ. ಯಾಕೆ ಅಂತ ನನಗೆ ಎಷ್ಟೋ ದಿನ ಅರ್ಥವಾಗಿರಲಿಲ್ಲ.

ಓದುತ್ತಾ ಹೋದಂತೆ ತಿಳಿಯಿತು. ಅಮೆರಿಕದ ಸಂಶೋಧಕರಾದ ಲೆಸ್ಲಿ ಹ್ಯಾಮರ್, ಎಲೆನ್ ಕೊಸೆಕ್ ಮತ್ತು ಅವರ ಜೊತೆಗಾರರು 2009ರಲ್ಲಿ ಸೂಪರ್‌ವೈಸರ್ ಬೆಂಬಲ ಅಳೆಯಲು ಒಂದು ಅಳತೆಗೋಲು ಮಾಡಿದರು. ಅದರಲ್ಲಿ ನಾಲ್ಕು ಸಂಗತಿ ನೋಡುತ್ತಾರೆ. ಮನೆಯ ಕಷ್ಟ ಕೇಳಿಸಿಕೊಳ್ಳುವುದು. ಶಿಫ್ಟ್, ರಜೆಯಂಥ ದಿನನಿತ್ಯದ ತೊಡಕು ಬಿಡಿಸುವುದು. ತಾವೇ ಮನೆಗೂ ಸಮಯ ಕೊಟ್ಟು ತೋರಿಸುವುದು. ಕೆಲಸವೂ ಕೆಡದಂತೆ ಮನೆಯೂ ಕೆಡದಂತೆ ಇಡೀ ತಂಡದ ಕೆಲಸವನ್ನೇ ಬೇರೆ ಥರ ಹೊಂದಿಸುವುದು. 2011ರಲ್ಲಿ ಕೊಸೆಕ್ ತಂಡ ಹಳೆಯ 85 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 72,507 ನೌಕರರ ಲೆಕ್ಕ ಅದು. ಸುಮ್ನೆ ಒಳ್ಳೆಯವರಾಗಿರುವ ಸೂಪರ್‌ವೈಸರ್‌ಗಿಂತ, ಮನೆ-ಕೆಲಸದ ತೊಡಕಿಗೆಂದೇ ಕೈ ಹಚ್ಚುವ ಸೂಪರ್‌ವೈಸರ್ ಇದ್ದ ಕಡೆ ಮನೆ-ಕೆಲಸದ ನಡುವಿನ ತಿಕ್ಕಾಟ ಇನ್ನಷ್ಟು ಕಡಿಮೆ ಇತ್ತು.

ಕ್ರೇನ್ ಆಪರೇಟರ್ ಹೇಳಿದ್ದೂ ಇದನ್ನೇ ಅಲ್ವಾ? ಅವರ ಸಾಹೇಬರಲ್ಲಿ ಮೊದಲನೆಯದು ಧಾರಾಳವಾಗಿತ್ತು, ಎರಡನೆಯದು ಇರಲಿಲ್ಲ. ಮುಂದಿನ ಮಂಗಳವಾರ ನಾನು ಎಲ್ಲಿರುತ್ತೇನೆ ಎಂಬುದು ಗೊತ್ತಿದ್ದರೆ ಮನುಷ್ಯನ ಅರ್ಧ ದಣಿವು ಇಳಿಯುತ್ತದೆ. ತನ್ನ ದಿನದ ಮೇಲೆ ತನಗೆ ಒಂದಿಷ್ಟು ಹಿಡಿತ ಇದೆ ಅನ್ನಿಸುತ್ತದೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ ಆಯಿತು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದೂ ಬಂತು. ಆದರೆ ಪ್ಯಾಕಿಂಗ್ ವಿಭಾಗದ ಒಬ್ಬ ತಂಗಿ ನಾಲ್ಕರಲ್ಲಿ ಒಂದು ಸಲ ಕೂಡ ಎದ್ದು ಹೋಗುತ್ತಿರಲಿಲ್ಲ. ಕೇಳಿದರೆ, "ಎದ್ದು ನಿಂತ್ರ ಸಾಕ್ರೀ, ಗಡಿಯಾರ ನೋಡ್ತಾರ" ಎಂದಳು. ಸೂಪರ್‌ವೈಸರ್ ಬೇಡ ಎಂದು ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಎದೆ ಬಿಗಿದುಕೊಂಡು, ಸೀರೆ ಸೆರಗು ಒದ್ದೆಯಾದರೂ ಎರಡರವರೆಗೆ ಆಕೆ ಅಲ್ಲೇ ನಿಂತಿರುತ್ತಿದ್ದಳು. ಅವತ್ತು ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ. ನಾನೇ ಆ ನಿಯಮವನ್ನು ನೋಟಿಸ್ ಬೋರ್ಡಿಗೆ ಹಾಕಿ, ನನ್ನ ಕೆಲಸ ಆಯಿತು ಅಂದುಕೊಂಡಿದ್ದೆ.

ಫೋನಿನದೂ ಹೀಗೇ. ಒಳಗೆ ಮೊಬೈಲ್ ಬಿಡುವುದಿಲ್ಲ, ಅದು ಸರಿ, ಜೀವದ ಪ್ರಶ್ನೆ. ಹಾಗಿದ್ದರೆ ಸೂಪರ್‌ವೈಸರ್ ಮೇಜಿನ ಫೋನ್ ನಂಬರು ಪ್ರತಿಯೊಬ್ಬರ ಮನೆಯಲ್ಲೂ, ಮಕ್ಕಳ ಶಾಲೆಯಲ್ಲೂ ಇರಲಿ. ಐದು ನಿಮಿಷದ ಕೆಲಸ.

ತರಬೇತಿಯಲ್ಲಿ ನಾನು ಜಾತ್ರೆಯ ಉದಾಹರಣೆ ಹೇಳುತ್ತೇನೆ. ಜನವರಿಯಲ್ಲಿ ಗವಿಮಠದ ಜಾತ್ರೆ. ಎಲ್ಲರಿಗೂ ತೇರಿನ ದಿನವೇ ರಜೆ ಬೇಕು. ಮನೆಮನೆಯಲ್ಲಿ ದಾಸೋಹಕ್ಕೆ ರೊಟ್ಟಿ ಬಡಿಯುತ್ತಿರುತ್ತಾರೆ, ಬೀಗರು ಬಂದಿರುತ್ತಾರೆ. ಮೊದಲು ಕೇಳಿದವರಿಗೆ ರಜೆ ಕೊಟ್ಟರೆ ಉಳಿದವರು ವರ್ಷಪೂರ್ತಿ ನೆನಪಿಟ್ಟುಕೊಳ್ಳುತ್ತಾರೆ. ಡಿಸೆಂಬರಿನಲ್ಲೇ ಎಲ್ಲರನ್ನೂ ಕೂರಿಸಿ, ಹೋದ ವರ್ಷ ಡ್ಯೂಟಿ ಮಾಡಿದವರಿಗೆ ಈ ವರ್ಷ ಮೊದಲು ರಜೆ ಎಂದು ಅವರೇ ತೀರ್ಮಾನಿಸುವಂತೆ ಮಾಡಿ. ಮತ್ತೆ, ನೀವೂ ಒಂದು ದಿನ ಮನೆಯವರನ್ನು ಕರೆದುಕೊಂಡು ತೇರಿಗೆ ಹೋಗಿ. ಸೂಪರ್‌ವೈಸರೇ ರಜೆ ಹಾಕದಿದ್ದರೆ ಕೈಕೆಳಗಿನವರಿಗೆ ರಜೆ ಕೇಳುವುದೇ ತಪ್ಪು ಅನ್ನಿಸಿಬಿಡುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಹಿಂದಿನ ಸಾಲಿನಿಂದ ಯಾರಾದರೂ ಕೈ ಎತ್ತುತ್ತಾರೆ. "ಶಿಫ್ಟಿಗೆ ಹತ್ತು ಮಂದಿ ಬೇಕ್ರೀ. ನನ್ನ ಹತ್ರ ಇರೋದೇ ಹತ್ತು ಮಂದಿ. ಯಾರನ್ನ ಬಿಡ್ಲಿ?" ಈ ಪ್ರಶ್ನೆಗೆ ಸೂಪರ್‌ವೈಸರ್ ಹತ್ತಿರ ಉತ್ತರ ಇಲ್ಲ. ರಜೆ ಹಾಕಿದವರ ಜಾಗಕ್ಕೆ ನಿಲ್ಲುವ ರಿಲೀವರ್ ಕೊಡದೆ ಅವರ ಮನಸ್ಸು ದೊಡ್ಡದಾಗಲಿ ಎಂದು ಬಯಸುವುದು ಅನ್ಯಾಯ. ಅವರಿಗೂ ಮೇಲಿನವರ ಬೆಂಬಲ ಬೇಕು, ಅವರಿಗೂ ಮನೆ ಇದೆ.

ಹಾಗಾಗಿ ಈಗ ನಾನು ತರಬೇತಿಗೆ ಮೊದಲೇ ಮ್ಯಾನೇಜರ್ ಹತ್ತಿರ ಕೂತು ಎರಡು ಪಟ್ಟಿ ಕೇಳುತ್ತೇನೆ: ಹೋದ ಮೂರು ತಿಂಗಳಲ್ಲಿ ಡಬಲ್ ಡ್ಯೂಟಿ ಮಾಡಿದವರದು, ಕೆಲಸ ಬಿಟ್ಟವರದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರುಗಳ ಮೇಲೆ ಬೆರಳಾಡಿಸುತ್ತೇವೆ. ಒಂದು ಕಡೆ ಹೀಗೆ ಮಾಡಿದ ಮೇಲೆ ಕ್ರೇನ್ ವಿಭಾಗಕ್ಕೆ ಶಿಫ್ಟಿಗೊಬ್ಬ ರಿಲೀವರ್ ಮಂಜೂರಾಯಿತು. ಪ್ಯಾಕಿಂಗ್‌ಗೆ ಇನ್ನೂ ಆಗಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇನೆ.