ಸಾವಿರ ವರ್ಷದ ಬಸದಿಯ ಕಲ್ಲಿಗೆ ಕಾರ್ಬನ್ ಟೆಸ್ಟ್ ಮಾಡಿದ್ದಾರಾ?

"ಲಕ್ಕುಂಡಿ ಬಸದಿ ಸಾವಿರ ವರ್ಷ ಹಳೇದು ಅಂತಾರ. ಆ ಕಲ್ಲಿಗೆ ಕಾರ್ಬನ್ ಟೆಸ್ಟ್ ಮಾಡ್ಯಾರೇನ್ರಿ? ಇಲ್ಲಾಂದ್ರ ಅಷ್ಟು ಖಾತ್ರಿಯಾಗಿ ಹೆಂಗ ಹೇಳ್ತಾರ?"

ಗದಗ ಕಡೆಯ ಓದುಗರೊಬ್ಬರ ಪ್ರಶ್ನೆ ಇದು. ಹುಬ್ಬಳ್ಳಿ, ಹಾವೇರಿಯವರೂ ಇದೇ ಮಾತನ್ನು ಬೇರೆ ಬೇರೆ ಗುಡಿಗಳ ಬಗ್ಗೆ ಕೇಳುತ್ತಿರುತ್ತಾರೆ.

ಇಲ್ಲ, ಮಾಡಿಲ್ಲ. ಮಾಡಲು ಬರುವುದೂ ಇಲ್ಲ. ಕಾರ್ಬನ್ ಪರೀಕ್ಷೆ ನಡೆಯುವುದು ಒಂದು ಕಾಲಕ್ಕೆ ಜೀವವಿದ್ದ ವಸ್ತುಗಳಿಗೆ ಮಾತ್ರ. ಕಟ್ಟಿಗೆ, ಇದ್ದಿಲು, ಮೂಳೆ, ಕಾಳು, ಬಟ್ಟೆ ಇಂಥವಕ್ಕೆ. ಗಿಡ ಬದುಕಿರುವಾಗ ಗಾಳಿಯಿಂದ ಕಾರ್ಬನ್ ತೆಗೆದುಕೊಳ್ಳುತ್ತದೆ. ಅದರಲ್ಲಿ ತೀರಾ ಸಣ್ಣ ಪಾಲು ಕಾರ್ಬನ್-14. ಗಿಡ ಸತ್ತ ದಿನದಿಂದ ಹೊಸದು ಬರುವುದು ನಿಲ್ಲುತ್ತದೆ, ಒಳಗಿದ್ದದ್ದು ಮೆಲ್ಲಗೆ ಕಮ್ಮಿಯಾಗುತ್ತದೆ. 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂದು ಗೊತ್ತಾಗುತ್ತದೆ. ಕಲ್ಲು ಯಾವತ್ತೂ ಉಸಿರಾಡಿದ್ದಿಲ್ಲ, ಹಾಗಾಗಿ ಅದರಲ್ಲಿ ಈ ಲೆಕ್ಕವೇ ಇಲ್ಲ.

ಹಾಗಂತ ಕಲ್ಲಿನ ವಯಸ್ಸು ಗೊತ್ತಾಗುವುದೇ ಇಲ್ಲ ಅಂತಲ್ಲ. ಯುರೇನಿಯಂ ಸೀಸವಾಗಿ ಬದಲಾಗುವ ಲೆಕ್ಕ ಹಿಡಿದು ಭೂವಿಜ್ಞಾನಿಗಳು ಬಂಡೆಗಳ ವಯಸ್ಸು ಹೇಳುತ್ತಾರೆ. ನಮ್ಮ ಸೀಮೆಯ ಹಳೆಯ ಬಂಡೆಗಳಿಗೆ ಇಡೀ ಜಗತ್ತಿನಲ್ಲಿ ಇರುವ ಹೆಸರೇ 'ಧಾರವಾಡ'. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಟ್ಟ ಹೆಸರದು. ಗದಗದ ಕಪ್ಪತಗುಡ್ಡವೂ ಅದೇ ಸಾಲಿನ ಬಂಡೆ. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಆದರೆ ಅದು ಬಂಡೆ ಹುಟ್ಟಿದ ಕಾಲ. ಶಿಲ್ಪಿ ಅದರ ಮೇಲೆ ಉಳಿ ಇಟ್ಟ ದಿನ ಆ ಲೆಕ್ಕದಲ್ಲಿ ಸಿಗುವುದಿಲ್ಲ.

ಕಾರ್ಬನ್ ಪರೀಕ್ಷೆ ನಿಜವಾಗಿ ಕೆಲಸಕ್ಕೆ ಬಂದ ಜಾಗ ಬೇಕೆಂದರೆ ಹಾವೇರಿ ಜಿಲ್ಲೆಯ ಹಳ್ಳೂರಿಗೆ ಹೋಗಬೇಕು. ತುಂಗಭದ್ರೆಯ ದಂಡೆಯ ಆ ಊರಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಅಲ್ಲಿ ಅಕ್ಷರವೇ ಇಲ್ಲ, ರಾಜನ ಹೆಸರೂ ಇಲ್ಲ. ಇದ್ದದ್ದು ಮಡಕೆ ಚೂರು, ಮೂಳೆ, ಇದ್ದಿಲು, ಕಬ್ಬಿಣ. ಕಬ್ಬಿಣ ಸಿಕ್ಕ ಪದರದ ಇದ್ದಿಲನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸುಮಾರು 3,000 ವರ್ಷ ಹಳೆಯದು ಎಂದು ಬಂತು. ದಕ್ಷಿಣ ಭಾರತದಲ್ಲಿ ಕಬ್ಬಿಣ ಅಷ್ಟು ಹಿಂದೆಯೇ ಇತ್ತು ಎಂಬುದು ಆಗ ದೊಡ್ಡ ಸುದ್ದಿ. ಅಲ್ಲಿನ ಮೂಳೆಗಳನ್ನು ನೋಡಿದವರು ಪಶುವೈದ್ಯ ಕೆ. ಆರ್. ಆಲೂರ. ದನದ ಮೂಳೆ ಯಾವುದು, ಕುದುರೆಯದು ಯಾವುದು ಎಂದು ಬೇರ್ಪಡಿಸುವ ಕೆಲಸ ಇತಿಹಾಸದ ಪದವಿಯಿಂದ ಆಗುವುದಿಲ್ಲ, ಅದಕ್ಕೆ ಪಶುವೈದ್ಯರೇ ಬೇಕು.

ಈಗ ಲಕ್ಕುಂಡಿಗೆ ಬರೋಣ. ಅಲ್ಲಿ ಇದ್ದಿಲು ಹುಡುಕುವ ಅಗತ್ಯವೇ ಇಲ್ಲ, ಯಾಕೆಂದರೆ ಕಟ್ಟಿಸಿದವರೇ ಕಾಲವನ್ನು ಕಲ್ಲಿನ ಮೇಲೆ ಬರೆಸಿಟ್ಟಿದ್ದಾರೆ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ, ಅಂದರೆ ಅಲ್ಲಿನ ಬಸದಿಯ, ಶಾಸನದ ಕಾಲ ಶಕವರ್ಷ 929. ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ, ಅಂದರೆ 1007. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ ಮಾತ್ರ 79 ಕೂಡಿಸಬೇಕು. ಪುಸ್ತಕಗಳಲ್ಲಿ 1007-08 ಎಂದು ಜೋಡಿ ಇಸವಿ ಕಾಣುವುದು ಇದಕ್ಕೇ. ಒಂದು ಶಕವರ್ಷ ಎರಡು ಇಸವಿಗಳಲ್ಲಿ ಹರಡಿಕೊಂಡಿರುತ್ತದೆ.

ಸುಮ್ನೆ ಸಂಖ್ಯೆ ನೋಡಿ ನಂಬುವುದಾದರೆ ಅದೇನು ಸಂಶೋಧನೆ, ಅಲ್ವಾ? ಬರೆದದ್ದನ್ನು ಪರೀಕ್ಷಿಸಬೇಕು. ಅದಕ್ಕೆ ದಾರಿಯನ್ನು ಶಾಸನಗಳೇ ಕೊಡುತ್ತವೆ. ನಿಮ್ಮ ಮನೆಗೆ ಬಂದ ಯಾವುದಾದರೂ ಲಗ್ನಪತ್ರಿಕೆ ತೆಗೆದು ನೋಡಿ. ಶಾಲಿವಾಹನ ಶಕೆ ಇಷ್ಟು, ಇಂಥ ಸಂವತ್ಸರ, ಇಂಥ ಮಾಸ, ಪಕ್ಷ, ತಿಥಿ, ವಾರ ಎಂದು ಇರುತ್ತದೆ. ಸಾವಿರ ವರ್ಷದ ಹಿಂದಿನ ದಾನಶಾಸನಗಳೂ ಹೆಚ್ಚು ಕಡಿಮೆ ಹೀಗೇ ಬರೆದಿವೆ. ನನಗೆ ಇದು ಇಂದಿಗೂ ಮೈ ಜುಮ್ಮೆನ್ನಿಸುವ ವಿಷಯ. ಎಷ್ಟೋ ರಾಜ್ಯಗಳು ಬಂದು ಹೋದವು, ದಿನ ಬರೆಯುವ ರೀತಿ ಮಾತ್ರ ನಮ್ಮ ಮನೆಗಳಲ್ಲಿ ಹಾಗೇ ಉಳಿದಿದೆ.

ಶಕ 929ಕ್ಕೆ ಬರುವ ಸಂವತ್ಸರ ಪ್ಲವಂಗ. ಸಂವತ್ಸರಗಳು 60, ಸುತ್ತು ಮುಗಿದ ಮೇಲೆ ಅದೇ ಹೆಸರು ಮತ್ತೆ ಬರುತ್ತದೆ. ಶಾಸನದಲ್ಲಿ ಬರೀ 'ಪ್ಲವಂಗ' ಎಂದಿದ್ದರೂ 947, 1007, 1067 ಹೀಗೆ ಕೆಲವೇ ವರ್ಷಗಳು ಉಳಿಯುತ್ತವೆ. ಜೊತೆಗೆ ಇರಿವಬೆಡಂಗ ಸತ್ಯಾಶ್ರಯನಂಥ ರಾಜನ ಹೆಸರಿದ್ದರೆ 1007 ಒಂದೇ ಹೊಂದುತ್ತದೆ, ಯಾಕೆಂದರೆ ಅವನು ಆಳಿದ್ದು 997ರಿಂದ 1008. ಇದೇ ಪ್ಲವಂಗ 2027ರ ಯುಗಾದಿಗೆ ಮತ್ತೆ ಬರುತ್ತದೆ. ಅತ್ತಿಮಬ್ಬೆಯ ಪ್ಲವಂಗದಿಂದ ಲೆಕ್ಕ ಹಾಕಿದರೆ ಸರಿಯಾಗಿ 17 ಸುತ್ತು!

ನಮ್ಮ ಭಾಗದ ಬಹಳಷ್ಟು ಶಾಸನಗಳಲ್ಲಿ ಶಕವರ್ಷ ಇರುವುದೇ ಇಲ್ಲ, 'ಚಾಳುಕ್ಯ ವಿಕ್ರಮ ವರ್ಷ' ಎಂದಿರುತ್ತದೆ. ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರು ಮಾಡಿದ ಲೆಕ್ಕ ಅದು. 1075 ಕೂಡಿಸಿದರೆ ಇಸವಿ ಸಿಗುತ್ತದೆ.

ಇನ್ನು ತಿಥಿ ಮತ್ತು ವಾರ. ಇಲ್ಲಿಂದ ಕೆಲಸ ಖಗೋಳ ಗಣಿತಕ್ಕೆ ಹೋಗುತ್ತದೆ. ಆ ವರ್ಷ ಪುಷ್ಯ ಅಮವಾಸ್ಯೆ ಸೋಮವಾರವೇ ಬಂದಿತ್ತಾ, ಆ ದಿನ ಸೂರ್ಯಗ್ರಹಣ ಇತ್ತಾ ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಇದಕ್ಕಾಗಿ ಶಂಕರ ಬಾಲಕೃಷ್ಣ ದೀಕ್ಷಿತ್ ಮತ್ತು ರಾಬರ್ಟ್ ಸೆವೆಲ್ 1896ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದರು. ಆಮೇಲೆ ಸ್ವಾಮಿಕಣ್ಣು ಪಿಳ್ಳೈ ನೂರಾರು ವರ್ಷಗಳ ಪಂಚಾಂಗವನ್ನೇ ಮಾಡಿಟ್ಟರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಎಲ್ಲವೂ ಕೈಯಿಂದ.

ವಾರವನ್ನು ಊಹಿಸಿ ಬರೆದರೆ ಸರಿ ಬೀಳುವ ಸಾಧ್ಯತೆ ಏಳರಲ್ಲಿ ಒಂದು. ಆದ್ದರಿಂದ ವರ್ಷ, ತಿಥಿ, ವಾರ, ಗ್ರಹಣ ನಾಲ್ಕೂ ತಾಳೆಯಾದರೆ ಆ ಶಾಸನವನ್ನು ಧೈರ್ಯವಾಗಿ ನಂಬಬಹುದು. ತಾಳೆಯಾಗದಿದ್ದರೆ ಸಂಶಯ ಹುಟ್ಟುತ್ತದೆ. ಗದಗ ಹತ್ತಿರದ ಕುರ್ತಕೋಟಿಯ ತಾಮ್ರಪಟವನ್ನೇ ನೋಡಿ. ಬಾದಾಮಿಯ ಒಂದನೇ ವಿಕ್ರಮಾದಿತ್ಯ ಕೊಟ್ಟದ್ದು ಎಂದು ಅದು ಹೇಳುತ್ತದೆ. ಆದರೆ ಅದರಲ್ಲಿರುವ ಶಕವರ್ಷ ಆ ರಾಜನಿಗಿಂತ ಮುಂಚಿನದು. ಹೀಗಾಗಿ ವಿದ್ವಾಂಸರು ಅದನ್ನು ಖೋಟಾ ಎಂದು ಬದಿಗಿಟ್ಟರು. ಹಾಗಂತ ತಪ್ಪಿದ್ದೆಲ್ಲ ಖೋಟಾ ಅಲ್ಲ. ಲೆಕ್ಕ ತಪ್ಪಿದ ಜೋಯಿಸರು, ಕೈತಪ್ಪಿದ ಶಿಲ್ಪಿಗಳು ಆಗಲೂ ಇದ್ದರು. ಅದನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ.

ಕಾಲವನ್ನೇ ಬರೆಯದ ವೀರಗಲ್ಲುಗಳಿಗೆ ಅಕ್ಷರದ ರೂಪವೇ ದಿಕ್ಕು. ಕನ್ನಡ ಅಕ್ಷರ ಶತಮಾನದಿಂದ ಶತಮಾನಕ್ಕೆ ದುಂಡಗಾಗುತ್ತಾ ಬಂದಿದೆ. ಅದನ್ನು ನೋಡಿ ಹೇಳುವುದು ಅಂದಾಜು, ಐವತ್ತು ನೂರು ವರ್ಷ ಹಿಂದೆ ಮುಂದೆ ಆಗಬಹುದು.

ಇಷ್ಟೊತ್ತು ವಿಜ್ಞಾನದಿಂದ ಇತಿಹಾಸಕ್ಕೆ ಆದ ಉಪಕಾರ ಹೇಳಿದೆ. ಅದು ತಿರುಗಿ ಹೋಗುವುದೂ ಉಂಟು. ಭೂಮಿಯ ತಿರುಗುವ ವೇಗ ತುಸು ತುಸುವೇ ಕಮ್ಮಿಯಾಗುತ್ತಿದೆ. ಈ ಸಣ್ಣ ವ್ಯತ್ಯಾಸ ಕೂಡುತ್ತಾ ಹೋಗಿ ಅತ್ತಿಮಬ್ಬೆಯ ಕಾಲಕ್ಕೆ ಸುಮಾರು 25 ನಿಮಿಷವಾಗುತ್ತದೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಆಗಿನ ಸಂಪೂರ್ಣ ಸೂರ್ಯಗ್ರಹಣದ ನೆರಳು ಬಿದ್ದ ಜಾಗ ನಮ್ಮ ಭಾಗದಲ್ಲಿ 600 ಕಿಲೋಮೀಟರಿಗಿಂತ ಜಾಸ್ತಿ ಆಚೀಚೆ ಆಗುತ್ತದೆ. ಭೂಮಿಯ ಈ ನಿಧಾನವನ್ನು ತಿಳಿಯಲು ವಿಜ್ಞಾನಿಗಳು ಬ್ಯಾಬಿಲೋನ್, ಚೀನಾ, ಅರಬರ ಹಳೆಯ ಗ್ರಹಣ ದಾಖಲೆಗಳನ್ನು ಹುಡುಕಿದರು. ನಮ್ಮ ಶಾಸನಗಳಲ್ಲಿರುವ ಗ್ರಹಣಗಳನ್ನು ಬೆಂಗಳೂರಿನ ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಅಧ್ಯಯನ ಮಾಡಿದ್ದಾರೆ. ಗ್ರಹಣದ ದಿನ ಗುಡಿಗೆ ಹೊಲ ಬಿಟ್ಟುಕೊಟ್ಟ ಗಾವುಂಡನ (ಊರ ಗೌಡನ) ಬರಹ ಇವತ್ತು ಭೂಮಿಯ ಗಡಿಯಾರ ನೋಡುವವರಿಗೂ ಬೇಕು.

ಅದಕ್ಕೇ ಶಾಸನದ ಮೇಲೆ ಆಯಿಲ್ ಪೇಂಟ್ ಬಳಿದದ್ದು ಕಂಡರೆ ನನಗೆ ಸಂಕಟವಾಗುತ್ತದೆ. ಭಕ್ತಿಯಿಂದಲೇ ಬಳಿದಿರುತ್ತಾರೆ, ಆದರೆ ಬಣ್ಣ ಅಕ್ಷರದ ಗೆರೆಯೊಳಗೆ ತುಂಬಿಕೊಂಡರೆ ಪಡಿಯಚ್ಚು (ಕಾಗದದ ಮೇಲೆ ಅಕ್ಷರದ ಅಚ್ಚು) ತೆಗೆಯುವುದು ಕಷ್ಟ. ನಿಮ್ಮ ಊರಲ್ಲಿ ಬರಹದ ಕಲ್ಲು ಇದ್ದರೆ ಬಣ್ಣ ಬೇಡ, ಕೆರೆಯುವುದೂ ಬೇಡ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ, ಅಕ್ಷರ ಚೆನ್ನಾಗಿ ಎದ್ದು ಕಾಣುತ್ತವೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಶಾಸನ ಓದುವುದು ಅಲ್ಲಿ ಹಳೆಯ ಕೆಲಸ. ಫೋಟೊ ಅಲ್ಲಿಗೆ ತೋರಿಸಿ. ಪಕ್ಕದಲ್ಲಿ ಮುರಿದ ಚೂರು ಬಿದ್ದಿದ್ದರೆ ಅದರದೂ ಒಂದು ಫೋಟೊ ಇರಲಿ. ತಿಥಿ, ವಾರ ಆ ಚೂರಿನಲ್ಲೇ ಇರಬಹುದು.